ಗೆಳೆಯರ ಕೂಸಿಗೆ ‘ಗಾಡ್‌ಫಾದರ್’ ಆಗಬಹುದೇ?

ಪ್ರಶ್ನೆ: ನಮ್ಮ ಊರು ನರಗುಂದ ತಾಲ್ಲೂಕಿನ ಕೊಣ್ಣೂರು. ಹದಿನಾರು ವರ್ಷದಿಂದ ಹುಬ್ಬಳ್ಳಿಯಲ್ಲಿದ್ದೇವೆ. ನಮ್ಮದು ಲಿಂಗವಂತ ಮನೆತನ. ನಮ್ಮ ಮೇಲಿನ ಮನೆಯಲ್ಲಿ ಒಂದು ಕ್ಯಾಥೊಲಿಕ್ ಕುಟುಂಬ ಇದೆ. 2019ರ ಆಗಸ್ಟಿನಲ್ಲಿ ಮಲಪ್ರಭಾ ಹೊಳೆ ಉಕ್ಕಿ ಊರಾಗಿನ ಮನೆಗೆ ನೀರು ಹೊಕ್ಕಾಗ ಅವ್ವನನ್ನು ಇಲ್ಲಿಗೆ ಕರಕೊಂಡು ಬಂದೆವು. ನಮ್ಮದು ಸಣ್ಣ ಮನೆ. ಮೇಲಿನವರು ತಮ್ಮ ಒಂದು ಕೋಣೆಯನ್ನೇ ಅವ್ವನಿಗೆ ಬಿಟ್ಟುಕೊಟ್ಟರು. ಅವ್ವ ಒಂದೂವರೆ ತಿಂಗಳು ಅಲ್ಲೇ ಕುಂತು ಲಿಂಗಪೂಜೆ ಮಾಡಿಕೊಂಡಳು. ಆಗ ಅವರಿಗೆ ಮದುವೆಯಾಗಿ ಸ್ವಲ್ಪ ದಿನ ಆಗಿತ್ತು. ಬಹಳ ವರ್ಷ ಕಾದ ಮೇಲೆ ಈಗ ಹೆಣ್ಣು ಕೂಸು ಹುಟ್ಟಿದೆ. ಬರುವ ತಿಂಗಳು ಚರ್ಚಿನಲ್ಲಿ ‘ಜ್ಞಾನಸ್ನಾನ’ ಅಂತೆ. “ಅಣ್ಣಾರ, ನೀವ ನಮ್ಮ ಕೂಸಿನ ಗಾಡ್‌ಫಾದರ್ ಆಗಬೇಕ್ರಿ” ಎಂದು ಗಂಡ-ಹೆಂಡತಿ ಇಬ್ಬರೂ ಬಂದು ಕೇಳಿದರು. ನಾನು ಖುಷಿಯಿಂದ ಹೂಂ ಅಂದೆ. ಅವ್ವನಿಗೆ ಫೋನಿನಲ್ಲಿ ಹೇಳಿದಾಗಿನಿಂದ ಅವಳಿಗೆ ನಿದ್ದೆ ಇಲ್ಲ. “ಕೊರಳಾಗ ಲಿಂಗ ಕಟ್ಟಿಕೊಂಡು ಆ ನೀರಿನ ಮುಂದ ಹ್ಯಾಂಗ ನಿಲ್ಲತೀ? ನಿನ್ನನ್ನೂ ಸೇರಿಸಿಕೊಂಡುಬಿಡತಾರ” ಅನ್ನುತ್ತಾಳೆ. ಬೇಡ ಅಂದರೆ ಆ ಕೋಣೆಯ ಋಣ ನೆನಪಾಗುತ್ತದೆ. ಹೂಂ ಅಂದ ಮಾತು ತಪ್ಪಬಹುದೇ? ಗಾಡ್‌ಫಾದರ್ ಅಂದರೆ ಏನು ಮಾಡಬೇಕು? ಆಗಬಹುದೋ, ಆಗಬಾರದೋ? ಉಡುಗೊರೆ ಏನು ಕೊಡಬೇಕು?
— ಒಬ್ಬ ಓದುಗ, ಹುಬ್ಬಳ್ಳಿ

ಉತ್ತರ: ನೀವು ನಾಲ್ಕು ಪ್ರಶ್ನೆ ಕೇಳಿದ್ದೀರಿ. ಮೂರನೆಯದಕ್ಕೆ ಮೊದಲು ನೇರ ಉತ್ತರ ಕೊಟ್ಟುಬಿಡುತ್ತೇನೆ, ಏಕೆಂದರೆ ನಿಮ್ಮ ಬಳಿ ಇರುವುದು ಒಂದೇ ತಿಂಗಳು. ನೀವು ಗಾಡ್‌ಫಾದರ್ ಆಗಲು ಬರುವುದಿಲ್ಲ. ತಡೆ ಇರುವುದು ನಮ್ಮ ಕಡೆಯಿಂದಲ್ಲ, ಅವರ ಕಡೆಯಿಂದ. ಕ್ಯಾಥೊಲಿಕ್ ಧರ್ಮಸಭೆಯ ಕಾನೂನು ಸಂಹಿತೆ 1983ರಲ್ಲಿ ಪರಿಷ್ಕೃತವಾಯಿತು. ಅದರ 874ನೆಯ ವಿಧಿ ಈ ಸ್ಥಾನಕ್ಕೆ ಯಾರು ಅರ್ಹರು ಎಂಬುದನ್ನು ಸ್ಪಷ್ಟವಾಗಿ ಹೇಳುತ್ತದೆ. ಹದಿನಾರು ವರ್ಷ ತುಂಬಿರಬೇಕು, ಕ್ಯಾಥೊಲಿಕ್ ಆಗಿರಬೇಕು, ದೃಢೀಕರಣ ಸಂಸ್ಕಾರವನ್ನೂ ಪರಮಪ್ರಸಾದವನ್ನೂ ಪಡೆದಿರಬೇಕು, ಆ ನಂಬಿಕೆಗೆ ತಕ್ಕಂತೆ ಬಾಳುತ್ತಿರಬೇಕು, ಮಗುವಿನ ಹೆತ್ತ ತಂದೆ ಅಥವಾ ತಾಯಿ ಆಗಿರಬಾರದು. ಬೇರೆ ಪಂಗಡದ ಕ್ರೈಸ್ತರು ಕೂಡ, ಅಂದರೆ ಬೆಟಗೇರಿಯ ಬಾಸೆಲ್ ಮಿಷನ್ ಪರಂಪರೆಯ ಪ್ರಾಟೆಸ್ಟೆಂಟರು ಕೂಡ, ಒಬ್ಬ ಕ್ಯಾಥೊಲಿಕರ ಜತೆಯಲ್ಲಿ ‘ಸಾಕ್ಷಿ’ಯಾಗಿ ಮಾತ್ರ ನಿಲ್ಲಬಹುದು. ಅವರಿಗೇ ಇಷ್ಟು ಕಟ್ಟುನಿಟ್ಟು ಇರುವಾಗ ಲಿಂಗ ಕಟ್ಟಿದ ನಿಮ್ಮನ್ನು ಅಲ್ಲಿ ನಿಲ್ಲಿಸಲು ಯಾವ ಪಾದ್ರಿಗೂ ಬರುವುದಿಲ್ಲ.

ಹಾಗಾದರೆ ನಿಮ್ಮ ಗೆಳೆಯರು ಕೇಳಿದ್ದೇಕೆ? ಪ್ರೀತಿಯಿಂದ ಕೇಳಿದ್ದಾರೆ, ಅಷ್ಟೇ. ನಿಯಮ ಅವರಿಗೂ ಗೊತ್ತಿಲ್ಲದೆ ಇರಬಹುದು. ನಮ್ಮಲ್ಲಿ ಎಷ್ಟು ಜನ ಯುವಕರಿಗೆ ಉಪನಯನದಲ್ಲೋ ಲಿಂಗದೀಕ್ಷೆಯಲ್ಲೋ ಯಾರು ಯಾವ ಜಾಗದಲ್ಲಿ ಏಕೆ ಕೂರುತ್ತಾರೆ ಅಂತ ಗೊತ್ತಿದೆ ಹೇಳಿ.

ಇನ್ನು ‘ಗಾಡ್‌ಫಾದರ್’ ಎಂಬ ಮಾತು. ನಮ್ಮ ಆಡುಮಾತಿನಲ್ಲಿ ಅದಕ್ಕೆ ಬೇರೆಯೇ ಅರ್ಥ ಬಂದುಬಿಟ್ಟಿದೆ. ಸಿನಿಮಾ ರಂಗದಲ್ಲಿ, ರಾಜಕೀಯದಲ್ಲಿ ಹಿಂದೆ ನಿಂತು ಕೈ ಹಿಡಿದು ಎತ್ತುವವನನ್ನು ಹಾಗೆ ಕರೆಯುತ್ತೇವೆ. ಕ್ಯಾಥೊಲಿಕರು ಕನ್ನಡದಲ್ಲಿ ಬಳಸುವ ಜ್ಞಾನತಂದೆ, ಜ್ಞಾನತಾಯಿ ಎಂಬ ಮಾತುಗಳು ಹೆಚ್ಚು ಸರಿಯಾಗಿವೆ. ಜ್ಞಾನಸ್ನಾನ ಎಂದರೆ ಬ್ಯಾಪ್ಟಿಸಂ. ಪ್ರಾಟೆಸ್ಟೆಂಟರು ಅದನ್ನೇ ದೀಕ್ಷಾಸ್ನಾನ ಅನ್ನುತ್ತಾರೆ. ಆ ಸ್ನಾನದ ಮೂಲಕ ಮಗು ಎರಡನೆಯ ಸಲ ಹುಟ್ಟುತ್ತದೆ ಎಂಬುದು ಅವರ ನಂಬಿಕೆ. ‘ದ್ವಿಜ’ ಎಂಬ ಮಾತು ಗೊತ್ತಿರುವ ನಮಗೆ ಇದು ಅಷ್ಟೇನೂ ಅಪರಿಚಿತವಲ್ಲ. ಆ ಎರಡನೆಯ ಹುಟ್ಟಿಗೆ ನಿಲ್ಲುವ ತಂದೆ-ತಾಯಿಯೇ ಜ್ಞಾನತಂದೆ, ಜ್ಞಾನತಾಯಿ. ಒಬ್ಬರೇ ಇದ್ದರೂ ಸಾಕು; ಇಬ್ಬರಿದ್ದರೆ ಒಂದು ಗಂಡು, ಒಂದು ಹೆಣ್ಣು.

ಹಳೆಯ ಲ್ಯಾಟಿನ್ ಮಾತು ಇನ್ನೂ ಸ್ಪಷ್ಟ. ಕ್ರಿ.ಶ. 200ರ ಸುಮಾರಿಗೆ ಆಫ್ರಿಕಾದ ಕಾರ್ಥೇಜಿನಲ್ಲಿದ್ದ ತೆರ್ತುಲಿಯನ್ ಎಂಬ ಕ್ರೈಸ್ತ ಲೇಖಕ ಇವರನ್ನು ‘ಸ್ಪೊನ್ಸೊರೆಸ್’ ಎಂದು ಕರೆದ. ಅಂದರೆ ಜಾಮೀನುದಾರರು. ಸಾಲಕ್ಕೆ ಬ್ಯಾಂಕಿನಲ್ಲಿ ಸಹಿ ಹಾಕುತ್ತೇವಲ್ಲ, ಅದೇ ಜಾಮೀನು. ತೆರ್ತುಲಿಯನ್ನನಿಗೆ ಎಳೆಯ ಮಕ್ಕಳ ಜ್ಞಾನಸ್ನಾನಕ್ಕೆ ಅವಸರ ಮಾಡುವುದೇ ಇಷ್ಟವಿರಲಿಲ್ಲ. ಜಾಮೀನು ನಿಂತವರು ನಡುವೆ ತೀರಿಕೊಳ್ಳಬಹುದು, ಇಲ್ಲವೇ ಮಗು ಬೆಳೆದು ದಾರಿ ತಪ್ಪಬಹುದು, ಆಗ ಇವರ ಗತಿಯೇನು ಎಂಬುದು ಅವನ ಚಿಂತೆ. ಅಷ್ಟು ಹಿಂದೆಯೇ ಇದು ಮಾನ-ಮರ್ಯಾದೆಗೆ ಕೊಡುವ ಮಣೆ ಆಗಿರಲಿಲ್ಲ, ಹೆಗಲ ಮೇಲೆ ಬೀಳುವ ಭಾರವಾಗಿತ್ತು.

ಈಗ ಆ ದಿನ ಚರ್ಚಿನಲ್ಲಿ ಏನು ನಡೆಯುತ್ತದೆ ಅಂತ ನೋಡೋಣ. ನೀವು ಹೋಗುವವರಾದ್ದರಿಂದ ಇದನ್ನು ತಿಳಿದಿರುವುದು ಒಳ್ಳೆಯದು. ಮಕ್ಕಳ ಜ್ಞಾನಸ್ನಾನದ ಈಗಿನ ವಿಧಿ 1969ರಲ್ಲಿ ರೂಪುಗೊಂಡದ್ದು. ಆರಂಭ ಬಾಗಿಲ ಬಳಿ. ಗುರುಗಳು ಹೊಸ್ತಿಲಿಗೆ ಬಂದು ಮಗುವಿನ ಹೆಸರು ಕೇಳುತ್ತಾರೆ, ಈ ಮಗುವಿಗಾಗಿ ಏನನ್ನು ಬಯಸಿ ಬಂದಿದ್ದೀರಿ ಎಂದು ಹೆತ್ತವರನ್ನು ಕೇಳುತ್ತಾರೆ. ಆಮೇಲೆ ಜ್ಞಾನತಂದೆ-ತಾಯಿಯ ಕಡೆ ತಿರುಗಿ, ಈ ಹೆತ್ತವರಿಗೆ ನೆರವಾಗಲು ನೀವು ಸಿದ್ಧರೇ ಎಂದು ಪ್ರಶ್ನಿಸುತ್ತಾರೆ. ಗುರುಗಳು ಮಗುವಿನ ಹಣೆಯ ಮೇಲೆ ಶಿಲುಬೆಯ ಗುರುತು ಹಾಕುತ್ತಾರೆ, ಹೆತ್ತವರೂ ಜ್ಞಾನತಂದೆ-ತಾಯಿಯೂ ಹಾಗೆಯೇ ಮಾಡುತ್ತಾರೆ. ಬೈಬಲ್ ವಾಚನ, ಪ್ರಾರ್ಥನೆ, ಎದೆಗೆ ಎಣ್ಣೆ ಹಚ್ಚುವುದು ಮುಗಿದ ಮೇಲೆ ಸ್ನಾನದ ತೊಟ್ಟಿಯ ಬಳಿಗೆ ಹೋಗುತ್ತಾರೆ.

ಅಲ್ಲಿ ನೀರು ಹಾಕುವುದಕ್ಕೆ ಮುಂಚೆ ಒಂದು ಪ್ರಶ್ನೋತ್ತರ ಇರುತ್ತದೆ. ಇಡೀ ವಿಧಿಯ ಜೀವ ಅದರಲ್ಲಿದೆ ಅಂತ ನನಗೆ ಅನಿಸುತ್ತದೆ. ಹೆತ್ತವರು ಮತ್ತು ಜ್ಞಾನತಂದೆ-ತಾಯಿ ಸೈತಾನನನ್ನೂ ಪಾಪವನ್ನೂ ತೊರೆಯುತ್ತೇವೆ ಅನ್ನಬೇಕು. ಆಮೇಲೆ ಸೃಷ್ಟಿಕರ್ತನಾದ ಪಿತ, ಅವನ ಏಕೈಕ ಪುತ್ರ ಯೇಸುಕ್ರಿಸ್ತ, ಪವಿತ್ರಾತ್ಮ, ಕ್ಯಾಥೊಲಿಕ್ ಧರ್ಮಸಭೆ, ಸತ್ತವರ ಪುನರುತ್ಥಾನ ಇವುಗಳಲ್ಲಿ ನಂಬಿಕೆ ಇದೆಯೇ ಎಂದು ಮೂರು ಸಲ ಕೇಳಿದಾಗ ಮೂರು ಸಲವೂ ನಂಬುತ್ತೇನೆ ಎಂದು ಉತ್ತರಿಸಬೇಕು. ಹಿಂದಿನ ಕಾಲದಲ್ಲಿ ಈ ಉತ್ತರವನ್ನು ಮಗುವಿನ ಪರವಾಗಿ, ಮಗುವೇ ಹೇಳಿದಂತೆ ಹೇಳುತ್ತಿದ್ದರು. 1969ರ ವಿಧಿಯಲ್ಲಿ ಅದು ಬದಲಾಯಿತು. ಈಗ ದೊಡ್ಡವರು ಹೇಳುವುದು ತಮ್ಮ ಸ್ವಂತ ನಂಬಿಕೆಯನ್ನು. ಆ ನಂಬಿಕೆಯ ಮಡಿಲಿಗೆ ಮಗುವನ್ನು ಹಾಕುತ್ತಾರೆ. ಆದ್ದರಿಂದ ‘ಕೂಸಿನ ಪರವಾಗಿ ಸುಮ್ಮನೆ ಹೇಳಿಬಿಟ್ಟರಾಯಿತು’ ಎಂಬ ದಾರಿಯೂ ನಿಮಗೆ ಉಳಿದಿಲ್ಲ.

ಅದಾದ ಮೇಲೆ ತಲೆಯ ಮೇಲೆ ಮೂರು ಸಲ ನೀರು ಸುರಿದು ಪಿತ, ಪುತ್ರ, ಪವಿತ್ರಾತ್ಮರ ಹೆಸರಿನಲ್ಲಿ ಜ್ಞಾನಸ್ನಾನ ಕೊಡುತ್ತಾರೆ. ನೆತ್ತಿಗೆ ಪರಿಮಳದ ಪವಿತ್ರ ತೈಲ, ಮೈಗೆ ಬಿಳಿ ಬಟ್ಟೆ. ಈಸ್ಟರ್ ಹಬ್ಬದ ದೊಡ್ಡ ಮೇಣದ ದೀಪದಿಂದ ಒಂದು ಸಣ್ಣ ಮೊಂಬತ್ತಿ ಹಚ್ಚಿ, ಮಗುವಿನ ಅಪ್ಪನ ಕೈಗೋ ಜ್ಞಾನತಂದೆಯ ಕೈಗೋ ಕೊಡುತ್ತಾರೆ. ಆ ಬೆಳಕು ಆರದಂತೆ ನೋಡಿಕೊಳ್ಳಿ ಎಂದು ಹೇಳಿ ಕೊಡುತ್ತಾರೆ. ಕೊನೆಗೆ ಚರ್ಚಿನ ದಾಖಲೆ ಪುಸ್ತಕದಲ್ಲಿ ಮಗುವಿನ ಹೆಸರಿನ ಜತೆ ಜ್ಞಾನತಂದೆ-ತಾಯಿಯ ಹೆಸರೂ ಸೇರುತ್ತದೆ. ಹುಡುಗಿ ಮುಂದೆ ಚರ್ಚಿನಲ್ಲಿ ಮದುವೆಯಾಗುವಾಗ ಅದರ ಪ್ರತಿ ಕೇಳುತ್ತಾರೆ. ಜ್ಞಾನಸ್ನಾನ ಜನ್ಮಕ್ಕೆ ಒಂದೇ ಸಲ, ಮತ್ತೊಮ್ಮೆ ಕೊಡುವಂತಿಲ್ಲ.

ನಿಮ್ಮ ಇಕ್ಕಟ್ಟಿಗೆ ಇಲ್ಲೇ ಉತ್ತರ ಸಿಗುತ್ತದೆ. ಪೂಜೆಗೆ ಕೂತಾಗ ನಾವು ಮೊದಲು ಸಂಕಲ್ಪ ಮಾಡುತ್ತೇವೆ. ಬಾಯಿ ಹೇಳಿದ್ದು ಮನಸ್ಸಿನಲ್ಲಿ ಇಲ್ಲದಿದ್ದರೆ ಅದು ಸಂಕಲ್ಪವೇ ಅಲ್ಲ ಅಂತ ನಮ್ಮ ಹಿರಿಯರು ಹೇಳಿದ್ದಾರೆ. ನಿಮ್ಮ ಮನೆತನದ ಶರಣ ಪರಂಪರೆಯಂತೂ ನುಡಿ ಮತ್ತು ನಡೆಯ ನಡುವೆ ಕೂದಲೆಳೆ ಬಿರುಕನ್ನೂ ಒಪ್ಪದು. ನೀವು ಆ ತೊಟ್ಟಿಯ ಮುಂದೆ ನಿಂತು ಮೂರು ಸಲ ನಂಬುತ್ತೇನೆ ಅಂದರೆ ಅದು ಸುಳ್ಳಾಗುತ್ತದೆ. ಸುಳ್ಳನ್ನು ಅವರ ದೇವರ ಮುಂದೆ ಹೇಳಿದಿರೋ ನಿಮ್ಮ ಲಿಂಗದ ಮುಂದೆ ಹೇಳಿದಿರೋ ಎಂಬ ಲೆಕ್ಕ ಬೇಕಿಲ್ಲ. ಆ ಕೂಸಿನ ಜೀವನದ ಮೊದಲ ದೊಡ್ಡ ದಿನವೇ, ಅದರ ತಲೆಯ ಮೇಲೆಯೇ ಆ ಸುಳ್ಳು ನಿಲ್ಲುತ್ತದಲ್ಲ, ನನಗೆ ಆಗದಿರುವುದು ಅದು.

ಇಲ್ಲಿ ಒಂದು ಆಕ್ಷೇಪ ಬರಬಹುದು, ಅದೂ ಗದಗ ಜಿಲ್ಲೆಯವರಿಂದಲೇ. ‘ಅಲಾಯಿ ಹಬ್ಬದಾಗ ನಮ್ಮವರು ಹರಕೆ ಹೊತ್ತು ಫಕೀರ ಆಗ್ತಾರ, ಲಾಡಿ ಕಟ್ಟಿಕೋತಾರ, ಸಕ್ಕರಿ ಓದಿಸ್ತಾರ. ಶಿರಹಟ್ಟಿ ಫಕೀರೇಶ್ವರ ಮಠಕ್ಕ ಎರಡೂ ಧರ್ಮದವರು ನಡಕೋತಾರ. ಅದು ನಡೆದರ ಇದ್ಯಾಕ ನಡಿಯಂಗಿಲ್ಲ?’ ಆಕ್ಷೇಪ ಹುರುಳಿಲ್ಲದ್ದಲ್ಲ. ಆದರೆ ವ್ಯತ್ಯಾಸ ಗಮನಿಸಿ. ಅಲಾಯಿ ದೇವರ ಮುಂದೆ ನಿಂತವರನ್ನು ಯಾರೂ ‘ನೀನು ಏನನ್ನು ನಂಬುತ್ತೀ, ಹೇಳು’ ಎಂದು ಸಾಲು ಸಾಲಾಗಿ ಕೇಳುವುದಿಲ್ಲ. ಅಲ್ಲಿ ಕೇಳುವುದು ಭಕ್ತಿ, ಹರಕೆ, ಕಾಣಿಕೆ. ನಿಮ್ಮ ಭಕ್ತಿ ಎಷ್ಟಿದೆಯೋ ಅಷ್ಟು ಕೊಟ್ಟು ಬರಬಹುದು. ಜ್ಞಾನಸ್ನಾನದಲ್ಲಿ ಕೇಳುವುದು ಮಾತಿನ ರೂಪದ ವಿಶ್ವಾಸ. ಅದಕ್ಕೆ ಹೌದು ಅಥವಾ ಇಲ್ಲ, ಎರಡೇ ಉತ್ತರ. ಎಲ್ಲ ಧರ್ಮವೂ ಒಂದೇ ಅನ್ನುವ ನಮ್ಮ ರೂಢಿಯ ಮಾತು ಎಲ್ಲ ವಿಧಿಗೂ ಹೊಂದುವುದಿಲ್ಲ. ಕೆಲವು ವಿಧಿಗಳಿಗೆ ತಮ್ಮದೇ ಬಾಗಿಲು ಇರುತ್ತದೆ. ಆ ಬಾಗಿಲಿಗೂ ನಾವು ಗೌರವ ಕೊಡಬೇಕು.

ದೇಶನೂರನ್ನು ನೋಡಿ. ಬೈಲಹೊಂಗಲ ತಾಲ್ಲೂಕಿನ ಆ ಊರಿನಲ್ಲಿ ಯೇಸು ಸಭೆಯ ಕ್ಯಾಥೊಲಿಕ್ ಗುರುಗಳು ನಡೆಸುವ ಒಂದು ಮಠವಿದೆ. ಹೆಸರು ಸ್ನಾನಿಕ ಅರುಳಪ್ಪನವರ ವಿರಕ್ತಮಠ. ಯೇಸುವಿಗೆ ನದಿಯಲ್ಲಿ ಸ್ನಾನ ಮಾಡಿಸಿದ ಯೊವಾನ್ನನೇ ಈ ಸ್ನಾನಿಕ ಅರುಳಪ್ಪ. ಅಲ್ಲಿನ ಗುರುಗಳು ಕಾವಿ ಉಡುತ್ತಾರೆ, ಸಸ್ಯಾಹಾರ ಪಾಲಿಸುತ್ತಾರೆ, ನಮ್ಮ ವಿರಕ್ತಮಠಗಳ ರೀತಿಯನ್ನು ಬಹಳಷ್ಟು ಅಳವಡಿಸಿಕೊಂಡಿದ್ದಾರೆ. ಇದು ಸರಿಯೋ ತಪ್ಪೋ ಎಂಬ ಚರ್ಚೆ ಇಲ್ಲಿ ಬೇಡ. ಕಾವಿ, ಮಠ, ಊಟ ಎಲ್ಲದರಲ್ಲೂ ಇಷ್ಟು ಹತ್ತಿರ ಬಂದವರಿಗೂ ಜ್ಞಾನಸ್ನಾನದ ಆ ಪ್ರಶ್ನೋತ್ತರದ ನಿಯಮ ಅದೇ. ಹೊರಗಿನ ಉಡುಪು ಬದಲಾಗಬಹುದು, ಆ ಮೂರು ಉತ್ತರ ಬದಲಾಗುವುದಿಲ್ಲ.

ನಿಮ್ಮ ಮನೆಯಲ್ಲಿ ಈ ಸ್ಥಾನಕ್ಕೆ ಸಮನಾದದ್ದು ಏನಿದೆ ಎಂದು ಯೋಚಿಸಿದರೆ ವಿಷಯ ಇನ್ನೂ ತಿಳಿಯಾಗುತ್ತದೆ. ಊರಲ್ಲಿ ಕೂಸು ಹುಟ್ಟಿದ ಮೇಲೆ ಮಠದ ಅಯ್ಯನವರನ್ನು ಕರೆಸಿ, ವಿಭೂತಿ ಹಚ್ಚಿ, ಲಿಂಗ ಕಟ್ಟಿಸುತ್ತೀರಿ. ಆ ಕೂಸಿಗೆ ಏನೂ ತಿಳಿಯದು, ಅಪ್ಪ-ಅವ್ವ ಅದರ ಪರವಾಗಿ ನಿರ್ಧಾರ ಮಾಡಿರುತ್ತಾರೆ. ಬೆಳೆದ ಮೇಲೆ ಗುರುವಿನಿಂದ ದೀಕ್ಷೆ ಪಡೆದು ಆ ಲಿಂಗವನ್ನು ತನ್ನದಾಗಿ ಮಾಡಿಕೊಳ್ಳುವುದು ಅವನಿಗೋ ಅವಳಿಗೋ ಬಿಟ್ಟದ್ದು. ಕ್ಯಾಥೊಲಿಕರಲ್ಲಿ ಆ ಎರಡನೆಯ ಹೆಜ್ಜೆಗೆ ದೃಢೀಕರಣ ಅನ್ನುತ್ತಾರೆ. ಹೆಸರಿಡುವ ದಿನ ತೊಟ್ಟಿಲ ಮುಂದೆ ಸೋದರತ್ತೆ ಕೂಸಿನ ಕಿವಿಯಲ್ಲಿ ‘ಕುರ್‍ರ್’ ಅಂದು ಹೆಸರು ಹೇಳುತ್ತಾಳೆ, ಉಳಿದವರು ಅವಳ ಬೆನ್ನಿಗೆ ಗುದ್ದುತ್ತಾರೆ. ಜವಳ ತೆಗೆಸುವಾಗ, ಕಿವಿ ಚುಚ್ಚಿಸುವಾಗ ಸೋದರಮಾವನ ತೊಡೆಯೇ ಬೇಕು.

ಅಂದರೆ ಕ್ಯಾಥೊಲಿಕರು ಒಬ್ಬರ ಹೆಗಲಿಗೆ ಹಾಕಿದ ಕೆಲಸವನ್ನು ನಾವು ಮೂವರಿಗೆ ಹಂಚಿದ್ದೇವೆ. ನಂಬಿಕೆಯ ಭಾಗ ಅಯ್ಯನವರದು, ಹೆಸರು ಸೋದರತ್ತೆಯದು, ತೊಡೆ ಸೋದರಮಾವನದು. ನಿಮ್ಮ ಗೆಳೆಯರು ನಿಮ್ಮನ್ನು ಕರೆದದ್ದು ನಿಜವಾಗಿ ಸೋದರಮಾವನ ಜಾಗಕ್ಕೆ. ಅವರ ಪದ್ಧತಿಯಲ್ಲಿ ಆ ಜಾಗಕ್ಕೆ ಬೇರೆ ಹೆಸರು ಇಲ್ಲದ್ದರಿಂದ, ಅಯ್ಯನವರ ಜಾಗದ ಹೆಸರನ್ನು ಹೇಳಿ ಕರೆದುಬಿಟ್ಟಿದ್ದಾರೆ. ನಿಮ್ಮೂರಿನಲ್ಲಿ ಯಾರಾದರೂ ಪ್ರೀತಿಯ ಗೆಳೆಯನನ್ನು ‘ನೀನ ನಮ್ಮ ಕೂಸಿಗೆ ಲಿಂಗ ಕಟ್ಟು’ ಅಂದರೆ ಹೇಗೆ? ಪ್ರೀತಿ ದೊಡ್ಡದೇ, ಆದರೆ ಕೈ ಅವನದಲ್ಲ.

(ಒಂದು ತಮಾಷೆ ನೋಡಿ. ನಮ್ಮ ಕಡೆ ಸೋದರಮಾವನಿಗೇ ಹೆಣ್ಣು ಕೊಡುವುದು ಮೊನ್ನೆ ಮೊನ್ನೆಯವರೆಗೆ ಮೊದಲ ಆಯ್ಕೆ. ಕ್ರೈಸ್ತರಲ್ಲಿ ಇದಕ್ಕೆ ಪೂರಾ ಉಲ್ಟಾ. ಜ್ಞಾನತಂದೆ ತನ್ನ ಜ್ಞಾನಪುತ್ರಿಯನ್ನು ಮದುವೆಯಾಗಬಾರದು ಎಂದು ರೋಮನ್ ಚಕ್ರವರ್ತಿ ಜಸ್ಟಿನಿಯನ್ 530ರಲ್ಲೇ ಕಾನೂನು ಮಾಡಿದ. 1983ರ ಸಂಹಿತೆ ಆ ತಡೆಯನ್ನು ಕೈಬಿಟ್ಟಿತು. ಆದರೆ ಸೀರೋ ಮಲಬಾರ್ ಮುಂತಾದ ಪೌರಸ್ತ್ಯ ಕ್ಯಾಥೊಲಿಕರಿಗಿರುವ 1990ರ ಸಂಹಿತೆಯಲ್ಲಿ ಅದು ಇಂದಿಗೂ ಉಳಿದಿದೆ. ನೀರಿನಿಂದ ಹುಟ್ಟಿದ ನಂಟು ರಕ್ತದ ನಂಟಿನಷ್ಟೇ ಗಟ್ಟಿ ಎಂದು ಅವರು ಎಣಿಸಿದ್ದಕ್ಕೆ ಇದೇ ಗುರುತು.)

ಇನ್ನೊಂದು ವಿಷಯ ಕೇಳಿದರೆ ನಿಮಗೆ ಆಶ್ಚರ್ಯವಾದೀತು. ಹುಟ್ಟಿದ ಕ್ಯಾಥೊಲಿಕ್ ಮಗು ಸಾವಿನ ಅಂಚಿನಲ್ಲಿದ್ದು, ಗುರುಗಳು ಬರುವಷ್ಟು ಹೊತ್ತಿಲ್ಲದಿದ್ದರೆ, ಯಾರು ಬೇಕಾದರೂ ಜ್ಞಾನಸ್ನಾನ ಕೊಡಬಹುದು. ಆಸ್ಪತ್ರೆಯ ಹಿಂದೂ ದಾದಿಯಾದರೂ ಸರಿ, ಮುಸ್ಲಿಂ ವೈದ್ಯರಾದರೂ ಸರಿ. ಧರ್ಮಸಭೆ ಬಯಸುವುದನ್ನೇ ಮಾಡುತ್ತೇನೆ ಎಂಬ ಪ್ರಾಮಾಣಿಕ ಉದ್ದೇಶ ಇರಬೇಕು, ನೀರು ಹಾಕಿ ಆ ಒಂದು ವಾಕ್ಯ ಹೇಳಬೇಕು, ಅಷ್ಟೇ. ಆ ಜ್ಞಾನಸ್ನಾನ ಪೂರ್ತಿ ಸಿಂಧು. ಅಂದರೆ ನೀರು ಹಾಕಲು ಹಿಂದೂವಿನ ಕೈಯೂ ಆಗುತ್ತದೆ, ಜಾಮೀನು ನಿಲ್ಲಲು ಮಾತ್ರ ಆಗುವುದಿಲ್ಲ! ಮೊದಲು ಕೇಳಿದಾಗ ಇದು ತಲೆಕೆಳಗು ಅನಿಸುತ್ತದೆ. ಯೋಚಿಸಿದರೆ ಹಾಗಲ್ಲ. ನೀರು ಹಾಕುವುದು ಒಂದು ಗಳಿಗೆಯ ಕೆಲಸ, ಕೊಡುವವನು ಬರೀ ಕೈ. ಜಾಮೀನು ಒಂದು ಜನ್ಮದ ಕೆಲಸ. ಹುಡುಗಿಗೆ ಹತ್ತು ವರ್ಷವಾದಾಗ ‘ಮಾಮಾ, ದೇವರು ಮೂವರೋ ಒಬ್ಬನೋ?’ ಅಂತ ಕೇಳಿದರೆ ಜ್ಞಾನತಂದೆ ಉತ್ತರ ಹೇಳಬೇಕು. ನೀವು ಏನು ಹೇಳುತ್ತೀರಿ?

ಈಗ ನಿಮ್ಮ ತಾಯಿಯವರ ಚಿಂತೆಗೆ ಬರುತ್ತೇನೆ. ಅವರಿಗೆ ಈ ಮುಂದಿನ ಭಾಗವನ್ನು ಓದಿ ಹೇಳಿ. ಅಮ್ಮಾ, ಚರ್ಚಿನಲ್ಲಿ ಕೂತವರ ಮೇಲೆ ನಾಲ್ಕು ಹನಿ ನೀರು ಬಿದ್ದರೆ ಯಾರೂ ಕ್ರೈಸ್ತರಾಗುವುದಿಲ್ಲ. ದೊಡ್ಡವರು ಆ ಧರ್ಮಕ್ಕೆ ಸೇರಬೇಕಾದರೆ ತಾವೇ ಬಾಯಿಬಿಟ್ಟು ಕೇಳಬೇಕು, ತಿಂಗಳುಗಟ್ಟಲೆ ಕಲಿಯಬೇಕು, ಮನಸ್ಸು ಗಟ್ಟಿಯಿದೆ ಎಂದು ತೋರಿಸಬೇಕು. ಇಚ್ಛೆ ಇಲ್ಲದ ದೊಡ್ಡವರಿಗೆ ಕೊಟ್ಟ ಜ್ಞಾನಸ್ನಾನ ಅವರ ಶಾಸ್ತ್ರದ ಪ್ರಕಾರವೇ ಜ್ಞಾನಸ್ನಾನವಲ್ಲ. ಇನ್ನು ಲಿಂಗಕ್ಕೆ ಮೈಲಿಗೆಯ ಮಾತು. ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಐದು ಸೂತಕಗಳು ಲಿಂಗ ಕಟ್ಟಿದವರಿಗೆ ಇಲ್ಲ ಎಂದು ನಿಮ್ಮ ಹಿರಿಯರು ಎಂಟುನೂರು ವರ್ಷಗಳ ಹಿಂದೆಯೇ ಹೇಳಿದ್ದಾರೆ. ಕ್ರೈಸ್ತರ ಮನೆಯ ಕೋಣೆಯಲ್ಲಿ ಒಂದೂವರೆ ತಿಂಗಳು ಪೂಜೆ ಮಾಡಿದಾಗ ಮೈಲಿಗೆಯಾಗದ ಲಿಂಗಕ್ಕೆ ಅವರ ಚರ್ಚಿನ ಬೆಂಚಿನ ಮೇಲೆ ಮೈಲಿಗೆ ಎಲ್ಲಿಂದ ಬಂದೀತು? ಮಗ ಹೋಗಲಿ. ಲಿಂಗ ಕೊರಳಲ್ಲೇ ಇರಲಿ. ಅಂಗಿಯ ಒಳಗೆ ಮುಚ್ಚಿಕೊಳ್ಳುವುದೂ ಬೇಡ.

ನಿಮ್ಮ ಹೂಂ. ಮಾತು ತಪ್ಪಿದಂತಾಗುತ್ತದೆಯೇ ಎಂದು ಕೇಳಿದ್ದೀರಿ. ಆ ಸ್ಥಾನದಲ್ಲಿ ಏನು ನುಡಿಯಬೇಕು ಎಂಬುದು ಗೊತ್ತಿಲ್ಲದೆ, ಗೆಳೆತನಕ್ಕೆ ಅಂದ ಹೂಂ ಅದು. ನೀವು ಒಪ್ಪಿದ್ದು ಆ ಕೂಸಿನ ಜತೆ ನಿಲ್ಲುತ್ತೇನೆ ಎಂಬುದನ್ನು. ಅದನ್ನು ಉಳಿಸಿಕೊಳ್ಳಿ. ಬಿಡಬೇಕಾದದ್ದು ಸ್ಥಾನದ ಹೆಸರು ಮಾತ್ರ. ಆದರೆ ತಡ ಮಾಡಬೇಡಿ. ಜ್ಞಾನತಂದೆ-ತಾಯಿ ಯಾರು, ಅವರು ಯಾವ ಚರ್ಚಿನವರು ಎಂದು ಗುರುಗಳು ಸಾಮಾನ್ಯವಾಗಿ ಮೊದಲೇ ವಿಚಾರಿಸುತ್ತಾರೆ. ಅಲ್ಲಿ ನಿಮ್ಮ ಹೆಸರು ಹೇಳಿ, ‘ಇದು ನಡೆಯೋದಿಲ್ಲ’ ಅನ್ನಿಸಿಕೊಂಡು ನಿಮ್ಮ ಗೆಳೆಯರು ಮುಖ ಸಣ್ಣ ಮಾಡಿಕೊಂಡು ಬರುವುದಕ್ಕಿಂತ ಮುಂಚೆ ನೀವೇ ಹೋಗಿ ಹೇಳುವುದು ವಾಸಿ. ಪತ್ರ, ವಾಟ್ಸ್‌ಆ್ಯಪ್ ಬೇಡ. ಗಂಡ-ಹೆಂಡತಿ ಇಬ್ಬರೂ ಮೇಲೆ ಹೋಗಿ ಕೂತು ಮಾತಾಡಿ. ‘ತಮ್ಮಾ, ಕೂಸು ನಮ್ಮದೂ ಹೌದು. ಆದರ ನಿಮ್ಮ ದೇವರ ಮುಂದ ಮೂರು ಸಲ ನಂಬತೇನಿ ಅಂತ ಹೇಳೂ ಜಾಗಾ ಅದು. ಹೇಳಿದರ ಸುಳ್ಳಾಗತೈತಿ. ನಿಮ್ಮ ಪೈಕಿ ಖರೇನ ನಂಬಿದವರ್‍ಯಾರನ್ನರ ನಿಲ್ಲಸ್ರಿ. ನಾವು ಬಾಜೂಕ ಇರತೇವಿ’ ಎಂದು ನಿಮ್ಮದೇ ಮಾತಿನಲ್ಲಿ ಹೇಳಿ. ಇದಕ್ಕೆ ಬೇಸರಪಡುವ ಕ್ರೈಸ್ತರು ಇರಲಾರರು. ತಮ್ಮ ನಂಬಿಕೆಯನ್ನು ನೀವು ಇಷ್ಟು ಗಂಭೀರವಾಗಿ ತೆಗೆದುಕೊಂಡಿರಲ್ಲ ಎಂದು ಸಂತೋಷವನ್ನೇ ಪಟ್ಟಾರು.

ಜ್ಞಾನತಂದೆಯ ಸ್ಥಾನ ಬರೀ ಗೌರವದ, ಉಡುಗೊರೆಯ ವ್ಯವಹಾರ ಆಗುವುದು ಅವರಲ್ಲೂ ಇದೆ. ಇಟಲಿಯ ಸಿಸಿಲಿ ದ್ವೀಪದ ಕತಾನಿಯಾದ ಮಹಾಧರ್ಮಪ್ರಾಂತ್ಯದಲ್ಲಿ ಇದು ಮಿತಿ ಮೀರಿತು ಎಂದು 2021ರ ಅಕ್ಟೋಬರಿನಿಂದ ಮೂರು ವರ್ಷ ಜ್ಞಾನತಂದೆ-ತಾಯಿ ನಿಲ್ಲುವುದನ್ನೇ ನಿಲ್ಲಿಸಿದರು. ಇವರಿಲ್ಲದೆಯೂ ಜ್ಞಾನಸ್ನಾನ ನಡೆಯುತ್ತದೆ ಎಂಬುದು ಇದರಿಂದ ಗೊತ್ತಾಗುತ್ತದೆ. ಸಾಧ್ಯವಾದಷ್ಟು ಮಟ್ಟಿಗೆ ಇರಲಿ ಎಂದಷ್ಟೇ ಕಾನೂನು ಹೇಳುವುದು. ಆದ್ದರಿಂದ ನೀವು ಬಿಟ್ಟುಕೊಟ್ಟರೆ ಕೂಸಿನ ಶುಭಕಾರ್ಯ ನಿಲ್ಲುತ್ತದೆ ಎಂಬ ಅಂಜಿಕೆ ಬೇಡ. ತಂದೆ-ತಾಯಿಗೆ ಹೆಚ್ಚುಕಡಿಮೆಯಾದರೆ ಮಗು ಜ್ಞಾನತಂದೆಯ ಪಾಲಿಗೆ ಬರುತ್ತದೆ ಎಂದೂ ಕೆಲವರು ತಿಳಿದಿದ್ದಾರೆ. ಹಾಗಿಲ್ಲ. ನಮ್ಮ ದೇಶದಲ್ಲಿ ಆ ಸ್ಥಾನಕ್ಕೆ ಕಾನೂನಿನ ಹಕ್ಕು ಯಾವುದೂ ಇಲ್ಲ. ಕ್ರೈಸ್ತ ಮಗುವಿನ ಪಾಲಕರನ್ನು ನ್ಯಾಯಾಲಯ ನೇಮಿಸುವುದು 1890ರ ಪಾಲಕರು ಮತ್ತು ಪಾಲ್ಯರ ಕಾಯಿದೆಯ ಪ್ರಕಾರ.

ಆ ದಿನ ಹೇಗೆ ನಡೆದುಕೊಳ್ಳಬೇಕು? ಎಲ್ಲರೂ ನಿಂತಾಗ ನಿಲ್ಲಿ, ಕೂತಾಗ ಕೂಡಿ. ಮೊಣಕಾಲೂರುವಾಗ ನೀವು ಸುಮ್ಮನೆ ಕೂತಿದ್ದರೆ ಯಾರೂ ತಪ್ಪು ತಿಳಿಯುವುದಿಲ್ಲ. ವಿಶ್ವಾಸದ ಪ್ರಶ್ನೆಗಳಿಗೆ ಎಲ್ಲರೂ ಉತ್ತರಿಸುವಾಗ ಮೌನವಾಗಿರಿ. ಭಾನುವಾರದ ಪೂಜೆಯ ಜತೆಗೇ ಜ್ಞಾನಸ್ನಾನ ಇಟ್ಟಿದ್ದರೆ ಪರಮಪ್ರಸಾದ ಹಂಚುವ ಸಾಲು ಬರುತ್ತದೆ. ನಮ್ಮ ಗುಡಿಯ ಪ್ರಸಾದದಂತೆ ಅದು ಬಂದವರಿಗೆಲ್ಲ ಕೊಡುವುದಲ್ಲ, ಕ್ಯಾಥೊಲಿಕರಿಗೆ ಮಾತ್ರ. ಆ ಸಾಲಿಗೆ ಸೇರಬೇಡಿ, ಮಕ್ಕಳನ್ನೂ ಹಿಡಿದುಕೊಳ್ಳಿ. ಪ್ರಸಾದ ಕಂಡರೆ ಕೈಚಾಚುವುದು ನಮ್ಮ ಮಕ್ಕಳಿಗೆ ಅಭ್ಯಾಸ! ಊಟ ಮಾಂಸಾಹಾರ ಇರಬಹುದು. ನಿಮ್ಮ ಸಸ್ಯಾಹಾರದ ವಿಷಯ ಮೇಲಿನ ಮನೆಯವರಿಗೆ ನಾನು ಹೇಳಿಕೊಡಬೇಕಾಗಿಲ್ಲ. ವಿಧಿ ಮುಗಿದ ಮೇಲೆ ಕೂಸನ್ನು ಎತ್ತಿಕೊಳ್ಳಲು, ಫೋಟೊಕ್ಕೆ ನಿಲ್ಲಲು ಯಾವ ಅಡ್ಡಿಯೂ ಇಲ್ಲ. ವಿಧಿಯ ನಡುವೆ ನಿಮ್ಮನ್ನು ಹತ್ತಿರ ನಿಲ್ಲಿಸಿಕೊಳ್ಳುವುದು, ಬಿಡುವುದು ಗುರುಗಳ ವಿವೇಚನೆ.

ಉಡುಗೊರೆ. ಬಿಳಿ ಬಟ್ಟೆ, ಮೊಂಬತ್ತಿ, ಶಿಲುಬೆಯ ಸರ ಇವು ವಿಧಿಗೆ ಸೇರಿದವು. ಅವನ್ನು ಜ್ಞಾನತಂದೆ-ತಾಯಿಗೆ ಬಿಡಿ. ನೀವು ಬೆಳ್ಳಿಯ ಕಾಲ್ಗಡಗವೋ ಕುಂಚಿಗೆಯೋ ಕೊಟ್ಟರೆ ಚಂದ. ಇನ್ನೂ ಒಂದು ಸೂಚನೆ ಇದೆ. ಊರಿಗೆ ಫೋನ್ ಮಾಡಿ, ಹಳೆಯ ಮೆತ್ತನೆಯ ಸೀರೆಗಳಿಂದ ಕೂಸಿಗೆ ಒಂದು ಸಣ್ಣ ಕೌದಿ ಹೊಲಿದು ಕಳಿಸು ಅಂತ ಅವ್ವನಿಗೆ ಹೇಳಿ. ಇನ್ನೂ ಒಂದು ತಿಂಗಳಿದೆ, ಕೌದಿಗೆ ಅಷ್ಟು ಸಾಕು. ತಾವೇ ತಗೊಂಡು ಬರುತ್ತೇನೆ ಅಂದರೆ ಕರೆಸಿಕೊಳ್ಳಿ, ಆ ಕೋಣೆ ಅವರಿಗೆ ಗೊತ್ತಿದ್ದದ್ದೇ.